ಒಂದಾದ ಮೇಲೆ ಹತ್ತು

ಬೈಂಡರ್ ತಾತನಿಗೆ ಇದ್ದದ್ದು ಒಂದೇ ಜಂಬ. ನಲವತ್ತೊಂದು ವರ್ಷದಲ್ಲಿ ಪುಟ ಹಿಂದುಮುಂದಾದ ಪುಸ್ತಕ ಒಂದಾದರೂ ತನ್ನ ಕೈ ದಾಟಿ ಹೋಗಿಲ್ಲ ಎನ್ನುವುದು. ಅಚ್ಚಾದ ಹಾಳೆಗಳನ್ನು ಮಡಿಸಿ, ಸಾಲಾಗಿ ಜೋಡಿಸಿ, ಹೊಲಿಗೆ ಹಾಕುವ ಮೊದಲು ಮೂರು ಸಲ ಎಣಿಸುತ್ತಿದ್ದ. ಒಮ್ಮೆ ಇನ್ನೂರು ನಿಘಂಟುಗಳಲ್ಲಿ ಒಂದು ಮಡಿಕೆ ಜಾಗ ತಪ್ಪಿದ್ದು ಅಂಟು ಒಣಗಿದ ಮೇಲೆ ಕಣ್ಣಿಗೆ ಬಿತ್ತು. ಇನ್ನೂರನ್ನೂ ಬಿಚ್ಚಿ ಮತ್ತೆ ಹೊಲಿದ. ಗಿರಾಕಿಗೆ ಗೊತ್ತೇ ಆಗುತ್ತಿರಲಿಲ್ಲ ಎಂದು ಮಗಳು ಗೊಣಗಿದರೆ, "ನಂಗೆ ಗೊತ್ತಲ್ಲ" ಅಂದ. ಅಲ್ಲಿಗೆ ಮಾತು ಮುಗಿಯಿತು.

ಅಂಥವನ ಗಂಟಲಿಗೇ ರೋಗ ಬಂದು ಕೂತಿತು. ಪ್ರಾಣ ಉಳಿಸಬಹುದು, ದನಿ ಉಳಿಸಲಾಗದು ಎಂದರು ಡಾಕ್ಟರು. ಆಪರೇಷನ್ನಿಗೆ ಒಂದು ವಾರ ಬಾಕಿ ಇತ್ತು. ತಾತ ತನಗಾಗಿ ಅಳಲಿಲ್ಲ. ಅವನ ಚಿಂತೆಯೆಲ್ಲ ಆರು ವರ್ಷದ ಮೊಮ್ಮಗಳು ಚೋಟಿಯದು. ಸ್ಕೂಲಿಂದ ಬಂದವಳಿಗೆ ತಾತನ ಕಥೆ ಇಲ್ಲದೆ ತುತ್ತು ಇಳಿಯುತ್ತಿರಲಿಲ್ಲ.

ಹಾಗಾಗಿ ಆ ವಾರವಿಡೀ ಮಗಳ ಫೋನಿನ ಮುಂದೆ ಕೂತು, ಒಂದೊಂದು ನಾಲ್ಕು ನಿಮಿಷದಂತೆ, ಒಂದೇ ಕಥೆಯನ್ನು ಹನ್ನೊಂದು ತುಂಡಾಗಿ ಹೇಳಿದ. ಕೊರಳ ಗಂಟೆ ಕಳೆದುಕೊಂಡ ಆಡೊಂದು ಅದನ್ನು ಹುಡುಕಿಕೊಂಡು ಮನೆ ಬಿಡುತ್ತದೆ. ಕಾಡು, ಸಂತೆ, ಸುಡುವ ಬಯಲು ಎಲ್ಲ ಅಲೆದು, ಒಂಬತ್ತನೆಯ ತುಂಡಿನಲ್ಲಿ ದೊಡ್ಡ ಹೊಳೆಯ ದಡಕ್ಕೆ ಬಂದು ನಿಲ್ಲುತ್ತದೆ. ಆಚೆ ದಡದಲ್ಲಿ ಮನೆ ಕಾಣುತ್ತಿದೆ, ದಾಟುವ ದಾರಿಯಿಲ್ಲ. ಹತ್ತರಲ್ಲಿ ಅಂಬಿಗ ಬಂದು ದೋಣಿ ಹತ್ತಿಸಿಕೊಳ್ಳುತ್ತಾನೆ. ಹನ್ನೊಂದರಲ್ಲಿ ಮನೆ, ಬಾಗಿಲಿಗೇ ನೇತುಹಾಕಿದ್ದ ಗಂಟೆ. "ಮುಗೀತು, ಹೋಗಿ ಕೈ ತೊಳ್ಕೋ" ಎನ್ನುವುದು ಕೊನೆಯ ಮಾತು. ಅಷ್ಟು ಹೇಳುವ ಹೊತ್ತಿಗೆ ನೋವಿಗೆ ಬೆವರು ಕಿತ್ತುಕೊಂಡು ಬಂದಿತ್ತು.

ಮಗಳ ಫೋನು ಕೆಳಗಿನ ಬೈಂಡಿಂಗ್ ಅಂಗಡಿಯ ಗಿರಾಕಿಗಳಿಗೆ ಮೀಸಲು. ಮಹಡಿಯ ಮೇಲೆ ಚೋಟಿ ತಾನೇ ಗುಂಡಿ ಒತ್ತಿ ಹಾಕಬಲ್ಲ ಯಂತ್ರ ಎಂದರೆ ಹಳೆಯ ಡಿವಿಡಿ ಪ್ಲೇಯರ್ ಒಂದೇ. ಕಥೆಯನ್ನು ಅದರೊಳಗೆ ತುರುಕುವ ಹೊಣೆ ಅಳಿಯನ ಮೇಲೆ ಬಿತ್ತು. ಅಳಿಯ ಲಿಫ್ಟ್ ರಿಪೇರಿಯವನು. ಹನ್ನೆರಡು ಮಹಡಿಯ ಲಿಫ್ಟು ಅವನ ಮಾತು ಕೇಳುತ್ತದೆ, ಈ ಪ್ಲೇಯರ್ ಕೇಳಬೇಕಲ್ಲ! ಮೊದಲನೆಯ ಡಿಸ್ಕ್ ಹಾಕಿದರೆ ಒಳಗೆ ಡಿಸ್ಕೇ ಇಲ್ಲ ಎಂದಿತು. ಬರೆದ ಮೇಲೆ ಡಿಸ್ಕನ್ನು ಮುಚ್ಚಬೇಕು, ಇಲ್ಲದಿದ್ದರೆ ಬೇರೆ ಯಂತ್ರ ಓದುವುದಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಎರಡನೆಯದರಲ್ಲಿ ಕಡತಗಳೇ ಕಾಣಲಿಲ್ಲ. ಫೋನು ದನಿ ಬರೆದುಕೊಳ್ಳುವ ಬಗೆಯೇ ಬೇರೆ, ಇದಕ್ಕೆ ಎಂಪಿತ್ರೀ ಬಿಟ್ಟು ಮತ್ತೊಂದು ಭಾಷೆ ಬಾರದು. ಮೂರನೆಯದಕ್ಕೆ ‘ಆಡು ಮತ್ತು ಅಂಬಿಗ’ ಎಂದೆಲ್ಲ ಚೆಂದವಾಗಿ ಕನ್ನಡದಲ್ಲಿ ಹೆಸರಿಟ್ಟ. ಟಿವಿಯ ಮೇಲೆ ಸಾಲುಸಾಲು ಖಾಲಿ ಡಬ್ಬಗಳು ಮೂಡಿ ಪ್ಲೇಯರ್ ಕಲ್ಲಾಗಿ ಕೂತಿತು. "ನಿನ್ ಮುಸುಡಿಗೆ ಅಂಕಿಯೇ ಸಾಕು" ಎಂದು ಬೈದು, 1ರಿಂದ 11ರವರೆಗೆ ಬರೀ ಅಂಕಿ ಹಾಕಿ ನಾಲ್ಕನೆಯದನ್ನು ಮಾಡಿದ. ತಾತನ ದನಿ ಖಣಖಣ ಎಂದು ಬಂತು. ಮನೆಮಂದಿಗೆಲ್ಲ ಹೋದ ಜೀವ ಬಂದಂತಾಯಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತಾರಲ್ಲ, ಹಾಗೆ ಮೊದಲ ತುಂಡು ಕೇಳಿ ಎಲ್ಲರೂ ಎದ್ದರು.

ತಾತ ಆಸ್ಪತ್ರೆಗೆ ಹೋದ. ನಡುವೆ ಎರಡು ದಿನ ಮನೆಗೆ ಬಂದು ಮತ್ತೆ ಹೋದ. ಮೂರು ತಿಂಗಳು ತುಂಬಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು, ಕೈಯಲ್ಲೊಂದು ಸ್ಲೇಟು ಹಿಡಿದು ಮನೆಯ ಮೆಟ್ಟಿಲು ಹತ್ತಿದ.

ಚೋಟಿ ಬಾಗಿಲಲ್ಲೇ ಕಾದಿದ್ದಳು. ಕಾಲು ತಬ್ಬಿ, ತಲೆಯೆತ್ತಿ ಕೇಳಿದಳು.

"ದನಿ ಬಂತಾ ತಾತ?"

ತಾತ ಇಲ್ಲ ಎಂದು ತಲೆಯಾಡಿಸಿದ. ಹುಡುಗಿಯ ಮುಖ ಸಣ್ಣದಾಯಿತು.

"ಹಾಗಾದ್ರೆ ಆಡಿನ ಗತಿ?"

ತಾತನಿಗೆ ಅರ್ಥವಾಗಲಿಲ್ಲ. ಸ್ಲೇಟಿನ ಮೇಲೆ ‘ಕಥೆ ಕೇಳಿದೆಯಾ?’ ಎಂದು ಬರೆದ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿಕೊಂಡಳು.

"ದಿನಾ ಕೇಳ್ತೀನಿ. ಆದ್ರೆ ನೀನು ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದೀಯಲ್ಲ?"

ಅರ್ಧಕ್ಕೆ! ಗಂಟಲು ಹರಿದು ಹೋಗುವಂತಿದ್ದಾಗಲೂ ಕೊನೆಯವರೆಗೆ ಹೇಳಿದ್ದ ಕಥೆ. ತಾತನಿಗೆ ಚುರುಕ್ ಎಂದಿತು. ತನ್ನ ದನಿ ಉಳಿದಿರುವುದು ಆ ಡಿಸ್ಕಿನಲ್ಲಿ ಮಾತ್ರ. ಅದೂ ಮಗುವಿಗೆ ಪೂರ್ತಿ ಮುಟ್ಟಿಲ್ಲ ಎಂದರೆ ಮತ್ತೆ ಹೇಳಲು ಏನಿದೆ ತನ್ನಲ್ಲಿ? ಹಾಕು ಎಂದು ಪ್ಲೇಯರಿನತ್ತ ಬೆರಳು ಮಾಡಿದ.

ಒಂದನೆಯ ತುಂಡು ಬಂತು. ಆಡು ಗಂಟೆ ಕಳೆದುಕೊಂಡಿತು, ಮನೆ ಬಿಟ್ಟಿತು. ತನ್ನ ದನಿ ತಾನೇ ಕೇಳುತ್ತ ತಾತ ಕಣ್ಣು ಮುಚ್ಚಿದ. ತುಂಡು ಮುಗಿದ ಮರುಗಳಿಗೆಯೇ ಅದೇ ದನಿ ಹೇಳಿತು: "ಅಂಬಿಗ ದೋಣಿ ತಂದ. ಹತ್ತು ಮಗಾ ಅಂದ."

ತಾತ ಚೇಳು ಕಡಿದವನಂತೆ ಎದ್ದ. ಹತ್ತನೆಯದು! ಕಾಡೆಲ್ಲಿ, ಸಂತೆಯೆಲ್ಲಿ? ಕೈ ಬೀಸಿದ, ಟಿವಿಯ ಮುಂದೆ ಅಡ್ಡ ನಿಂತ, ಸ್ಲೇಟನ್ನು ಬಡಿದ.

"ಶ್! ಸುಮ್ನಿರು ತಾತ," ಅಂದಳು ಚೋಟಿ, "ಕಥೆ ನಡೀತಿದೆ."

ಮೂರು ತಿಂಗಳಿಂದ ಒಂದು ಮಾತೂ ಆಡದವನಿಗೆ ಇಂಥ ಗದರಿಕೆ! ಬಾಗಿಲಲ್ಲಿ ನಿಂತಿದ್ದ ಮಗಳಿಗೆ ನಗು ತಡೆಯಲಾಗಲಿಲ್ಲ. ಹಾಗೇ ಹತ್ತೂ ಹನ್ನೊಂದೂ ಮುಗಿದು, "ಹೋಗಿ ಕೈ ತೊಳ್ಕೋ" ಎಂದು ಹೇಳಿ, ಪ್ಲೇಯರ್ ಏನೂ ಆಗಿಲ್ಲವೆಂಬಂತೆ ಎರಡನೆಯದನ್ನು ಶುರುಮಾಡಿತು.

ಒಳಗಿಂದ ಬಂದ ಅಳಿಯ ಟಿವಿಯ ಮೇಲಿನ ಪಟ್ಟಿ ನೋಡಿ ಹಣೆ ಚಚ್ಚಿಕೊಂಡ. 1, 10, 11, 2, 3...

"ತಪ್ಪಾಯ್ತು ಮಾವ. ಇದಕ್ಕೆ ಲೆಕ್ಕ ಬರಲ್ಲ, ಅಕ್ಷರ ಜೋಡಿಸೋದು ಮಾತ್ರ ಬರುತ್ತೆ. ನಿಘಂಟಿನಲ್ಲಿ ‘ಮರ’ ಆದ್ಮೇಲೆ ‘ಮರಳು’, ‘ಮರಿ’ ಎಲ್ಲ ಬಂದು ಆಮೇಲೇ ‘ಮಲೆ’ ಬರುತ್ತಲ್ಲ, ಹಾಗೆ. ಒಂದರಿಂದ ಶುರುವಾಗೋದೆಲ್ಲ ಮುಗಿದ ಮೇಲೇ ಎರಡು. ಮುಂದೊಂದು ಸೊನ್ನೆ ಹಾಕಿದ್ರೆ ಸರಿಹೋಗ್ತಿತ್ತು. ಒಂದನೇ ಮಹಡಿಯಿಂದ ಹತ್ತಕ್ಕೆ ಹಾರೋ ಲಿಫ್ಟ್ ನಾನಂತೂ ಕಂಡಿಲ್ಲ."

ನಿಘಂಟು ಎಂದ ಕೂಡಲೇ ತಾತನಿಗೆ ತಿಳಿದುಹೋಯಿತು. ಬದುಕೆಲ್ಲ ಪುಟ ಎಣಿಸಿದವನ ಕೊನೆಯ ಕೆಲಸದಲ್ಲೇ ಮಡಿಕೆ ಜಾಗ ತಪ್ಪಿತ್ತು. ಮಗಳ ಕಡೆ ನೋಡಿದ. ಕೆಳಗೆ ಹಾಳೆ ಕತ್ತರಿಸುವ ಯಂತ್ರದ ಸದ್ದಿನಲ್ಲಿ ತನಗೆ ಅಪ್ಪನ ದನಿ ಕೇಳಿಸುತ್ತಿತ್ತೇ ಹೊರತು ಕಥೆ ಕೇಳಿಸುತ್ತಿರಲಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು.

ತಾತ ಚೋಟಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಬರೆದ: ‘ಮನೆಗೆ ಬಂದ ಆಡು ಮತ್ತೆ ಯಾಕೆ ಹೋಯಿತು?’

"ನೀನೂ ಬಂದು ಮತ್ತೆ ಹೋದೆಯಲ್ಲ?"

‘ಗಂಟೆ ಸಿಕ್ಕಿತ್ತಲ್ಲ?’

"ಮತ್ತೆ ಕಳ್ಕೊಂಡಿತು. ಅಮ್ಮ ಬೀಗದ ಕೈ ಕಳ್ಕೊಳ್ಳಲ್ವಾ ದಿನಾ?"

‘ಮುಗೀತು ಅಂದಿದ್ದೆನಲ್ಲ?’

"ನೀನು ಯಾವಾಗ್ಲೂ ಮುಗೀತು ಅಂತೀಯ. ನಾನು ಹಟ ಮಾಡಿದ್ರೆ ಮುಂದೆ ಹೇಳ್ತೀಯ." ಹುಡುಗಿ ಬಟ್ಟೆ ಸುತ್ತಿದ ಅವನ ಕೊರಳನ್ನೇ ನೋಡಿದಳು. "ಆಮೇಲೆ ಹೊಳೆ ಹತ್ರ ನಿನ್ನ ದನಿ ಖಾಲಿ ಆಗ್ಹೋಯ್ತು. ಆಡು ಅಲ್ಲೇ ನಿಂತಿದೆ. ಗಂಟೆ ಇಲ್ಲ, ಅಂಬಿಗನ್ನ ಹೇಗೆ ಕರೆಯುತ್ತೆ? ಪಾಪ. ಅದಕ್ಕೇ ಮುಂದಿಂದು ನಾನೇ ಆಡಿಗೆ ಹೇಳ್ತೀನಿ. ದಿನಾ."

ತಾತನ ಕಣ್ಣು ಮಂಜಾಯಿತು. ಮೂರು ತಿಂಗಳಿಂದ ಈ ಚೋಟುದ್ದದ ಹುಡುಗಿ ದಿನವೂ ಆ ಆಡನ್ನು ಒಂಟಿಯಾಗಿ ಬಿಡದೆ ಕಾದಿದ್ದಳು. ತನ್ನನ್ನೂ ಕಾದಿದ್ದಳು.

"ನಾಳೆಯೇ ಸೊನ್ನೆ ಹಾಕಿ ಹೊಸ ಡಿಸ್ಕ್ ಮಾಡ್ತೀನಿ ಮಾವ. ಎಲ್ಲ ಸರಿಯಾಗುತ್ತೆ," ಅಂದ ಅಳಿಯ.

ಇನ್ನೂರು ನಿಘಂಟು ಬಿಚ್ಚಿ ಹೊಲಿದ ಮನುಷ್ಯ ಸ್ಲೇಟು ಒರೆಸಿ ಬಳಪ ಹಿಡಿದ. ಆಮೇಲೆ ಬರೆದ: ‘ಬೇಡ. ಇದೇ ಸರಿ. ಚೋಟಿಯದನ್ನೂ ಸೇರಿಸಿ.’

ಮಗಳು ಫೋನು ತಂದಳು. ಅಳಿಯ ಹೊಸ ತುಂಡಿಗೆ 12 ಎಂದು ಹೆಸರು ಕೊಡಹೋದ. ತಾತ ಅವನ ಕೈ ತಡೆದು, ಸ್ಲೇಟಿನ ಮೇಲೆ ದೊಡ್ಡದಾಗಿ 91 ಎಂದು ಬರೆದು ತೋರಿಸಿದ. 12 ಎಂದರೆ ಅದು ಎರಡಕ್ಕೂ ಮೊದಲೇ ಬಂದುಬಿಡುತ್ತದೆ, ಒಂಬತ್ತು ಮುಗಿದ ಕೂಡಲೇ ಬರಬೇಕಲ್ಲ. ಅಳಿಯ ಬಾಯಿ ಬಿಟ್ಟುಕೊಂಡು ನೋಡಿದ.

ಚೋಟಿ ಗಂಟಲು ಸರಿಮಾಡಿಕೊಂಡಳು, ಥೇಟ್ ತಾತನ ಹಾಗೆಯೇ.

"ಆಡು ದಡದಲ್ಲಿ ನಿಂತಿತ್ತು. ಗಂಟೆ ಇರ್ಲಿಲ್ಲ. ಕೂಗೋಕೂ ಆಗ್ಲಿಲ್ಲ. ಆಗ ಅದು ಏನ್ ಮಾಡ್ತು? ಅಲ್ಲೇ ಬಿದ್ದಿದ್ದ ಹಲಗೆ ಮೇಲೆ ಕಾಲು ಬಡಿಯಿತು."

ಅವಳು ತಾತನ ಕಡೆ ತಿರುಗಿ ಹುಬ್ಬು ಹಾರಿಸಿದಳು. ತಾತ ಬೆರಳು ಮಡಚಿ ಮೇಜಿನ ಮೇಲೆ ಬಡಿದ. ಟಕ್, ಟಕ್, ಟಕ್.

"ಅಂಬಿಗನಿಗೆ ಕೇಳಿಸ್ತು," ಅಂದಳು ಚೋಟಿ.