ಮೈಮೇಲೆ ಹಾಕಿದ ಹೊಲಿಗೆ

ಕುಷ್ಟಗಿಗೆ ಬಂದು ಎರಡು ವರ್ಷವಾಗಿದ್ದರೂ ನಮ್ಮ ಮನೆಗೆ ತಾನಾಗಿ ಬರುತ್ತಿದ್ದವಳು ಒಬ್ಬಳೇ, ಎದುರುಮನೆಯ ಪಂಪಾವತಿ. ಅವಳಿಗೆ ಏಳು ವರ್ಷ. ನನ್ನ ಯಜಮಾನರು ಉಮಾಪತಿ ತಹಸೀಲ ಕಚೇರಿಯಲ್ಲಿದ್ದರು. ತಿಂಗಳಲ್ಲಿ ಅರ್ಧದಷ್ಟು ದಿನ ದೌರೆಯ ಮೇಲೆ ಹಳ್ಳಿಗಳನ್ನು ಸುತ್ತುತ್ತಿದ್ದರು. ಓಣಿಯ ಹೆಂಗಸರು ನನ್ನನ್ನು ಕಂಡರೆ ಮರ್ಯಾದೆಯಿಂದ ಮಾತು ನಿಲ್ಲಿಸುತ್ತಿದ್ದರು. ಧಾರವಾಡದಲ್ಲಿ ಕಾಲೇಜು ಓದಿದವಳು ಎಂದೋ, ಮಕ್ಕಳಿಲ್ಲದವಳು ಎಂದೋ, ನನಗೆ ತಿಳಿಯುತ್ತಿರಲಿಲ್ಲ. ಪಂಪಿಗೆ ಮಾತ್ರ ಎರಡೂ ಲೆಕ್ಕಕ್ಕಿರಲಿಲ್ಲ. ಅವಳು ಬಂದು ಹೊಸ್ತಿಲ ಮೇಲೆ ಕೂತು, ನಾನು ಮಾಡುವ ಕೆಲಸವನ್ನೆಲ್ಲ ತಪ್ಪೆಂದು ಹೇಳುತ್ತಿದ್ದಳು.

ಆ ಬೇಸಿಗೆಯಲ್ಲಿ ತಹಸೀಲದಾರರ ಮನೆಗೆ ಹೈದರಾಬಾದಿನಿಂದ ನೆಂಟರು ಬಂದಿದ್ದರು. ಅವರ ಹುಡುಗಿ ಸಂಜೆ ಟಾಂಗಾದಲ್ಲಿ ನಮ್ಮ ಓಣಿಯ ಮುಂದೆ ಹಾದುಹೋಗುತ್ತಿದ್ದಳು. ಹೂವಿನ ಅಚ್ಚಿನ ಫ್ರಾಕು, ದುಂಡನೆಯ ಕಾಲರು, ಉಬ್ಬಿದ ಬುಗ್ಗೆ ತೋಳು, ಸೊಂಟದಿಂದ ಕೆಳಗೆ ನಿರಿಗೆ, ಬೆನ್ನ ಹಿಂದೆ ಕಟ್ಟಿದ ಅಗಲವಾದ ಪಟ್ಟಿ.

"ಅಕ್ಕಾರ, ಆಕಿ ಬೆನ್ನ ಮ್ಯಾಲ ಪಾತರಗಿತ್ತಿ ಕುಂತೈತಿ ನೋಡ್ರಿ," ಎಂದಳು ಪಂಪಿ. ಅಂಥದು ಬೇಕು ಎಂದು ಅವಳು ಕೇಳಲಿಲ್ಲ. ಹೊಲಿಯುತ್ತೇನೆ ಎಂದವಳು ನಾನೇ.

ಯುದ್ಧದ ಕಾಲ. ಬಟ್ಟೆ ಕಂಟ್ರೋಲಿನಲ್ಲಿ ಸಿಗುತ್ತಿತ್ತು, ಸಿಕ್ಕರೆ ಅದು ದಪ್ಪ ಬಿಳಿಯ ಬಟ್ಟೆ. ನನ್ನ ಪೆಟ್ಟಿಗೆಯಲ್ಲಿ ಸಣ್ಣ ನೀಲಿ ಹೂವಿನ ಅಚ್ಚಿದ್ದ, ಕೂಸಿನ ಅಂಗಿಗಾಗುವಂಥ ತೆಳುವಾದ ಬಟ್ಟೆಯೊಂದಿತ್ತು. ತವರಿನವರು ಕೊಟ್ಟದ್ದು, ಯಾಕೆ ಕೊಟ್ಟರೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅದನ್ನೇ ತೆಗೆದೆ. ಮೂರು ಸಂಜೆ ಕಿಟಕಿಯಲ್ಲಿ ನಿಂತು ಟಾಂಗಾ ಹಾದುಹೋಗುವಷ್ಟು ಹೊತ್ತಿನಲ್ಲಿ ಕಾಲರಿನ ಆಕಾರವನ್ನು ಕಣ್ಣಲ್ಲೇ ಹಿಡಿದುಕೊಂಡೆ. ಹಳೆಯ ವರ್ತಮಾನಪತ್ರಿಕೆಯಲ್ಲಿ ಕತ್ತರಿಸಿ ನೋಡಿದೆ. ಮೊದಲನೆಯದು ಎಮ್ಮೆಯ ಕೊರಳಿಗಾಗುವಷ್ಟಿದೆ ಎಂದಳು ಪಂಪಿ. ಎರಡನೆಯದರಲ್ಲಿ ಅವಳ ತಲೆ ತೂರಲಿಲ್ಲ. ಮೂರನೆಯದು ಕೂತಿತು.

ಹನ್ನೆರಡು ದಿನ ಕೈಯಲ್ಲೇ ಹೊಲಿದೆ. ಆ ದಿನಗಳಲ್ಲಿ ಮಧ್ಯಾಹ್ನಗಳು ಉದ್ದ ಎನಿಸಲಿಲ್ಲ.

ಮೇಲಿನ ಭಾಗಕ್ಕೆ ಕೆಳಗಿನ ನಿರಿಗೆಯನ್ನು ಕೂಡಿಸುವುದೊಂದು ಉಳಿದಿತ್ತು. ಅವಳ ಮೈಗೆ ತೊಡಿಸಿ, ಸೊಂಟ ಎಲ್ಲಿ ಬರುತ್ತದೆ ಎಂದು ನೋಡಿದೆ. ಹುಡುಗಿ ನಿಂತಲ್ಲಿ ನಿಲ್ಲಲೊಲ್ಲಳು. ಚುಚ್ಚಿ ಹಿಡಿಸಲು ಮನೆಯಲ್ಲಿದ್ದದ್ದು ಕಚೇರಿಯ ಕಾಗದದಿಂದ ತೆಗೆದ ತುಕ್ಕು ಹಿಡಿದ ಟಾಚಣಿ. ಬೇಡವೆಂದು ಸೂಜಿಗೆ ದಾರ ಪೋಣಿಸಿ, ಮೈಮೇಲಿದ್ದಂತೆಯೇ ಕಚ್ಚಾ ಹೊಲಿಗೆ ಹಾಕತೊಡಗಿದೆ.

"ಮೈಮ್ಯಾಲ ಹೊಲೀಬ್ಯಾಡ್ರಿ ಅಕ್ಕಾರ," ಎಂದಳು. "ಹೊಲಿಯೂದಾದ್ರ ಬಾಯಾಗ ಒಂದು ಕಡ್ಡಿ ಕೊಡ್ರಿ. ಅಜ್ಜಿ ಹಂಗ ಮಾಡ್ತಾಳ."

ನನಗೆ ಗೊತ್ತಿಲ್ಲದ ಮಾತಲ್ಲ. ಮೈಮೇಲಿನ ಬಟ್ಟೆಗೆ ಹೊಲಿಗೆ ಹಾಕುವುದು ಹೆಣಕ್ಕೆ ಮಾತ್ರ. ಬದುಕಿದವರಿಗೆ ಹಾಕುವುದಾದರೆ ಅವರು ಹಲ್ಲಲ್ಲಿ ಕಡ್ಡಿ ಕಚ್ಚಿರಬೇಕು. ನನ್ನ ತಾಯಿಯೂ ನನಗೆ ಕಸಬರಿಗೆಯ ಕಡ್ಡಿ ಮುರಿದು ಕೊಡುತ್ತಿದ್ದಳು. ಆದರೂ ನಾನು ನಕ್ಕೆ. ಹಾಗೇನೂ ಆಗುವುದಿಲ್ಲ, ಸುಮ್ಮನೆ ನಿಲ್ಲು ಎಂದೆ. ಹಾಸ್ಟೆಲಿನಲ್ಲಿ ಗೆಳತಿಯರೊಂದಿಗೆ ಇಂಥದಕ್ಕೆಲ್ಲ ನಗುವುದನ್ನು ಕಲಿತಿದ್ದೆ; ಆ ನಗು ಇನ್ನೂ ನನ್ನಲ್ಲಿ ಉಳಿದಿತ್ತು.

ಬಾಗಿಲಲ್ಲಿ ಅವಳ ಅಜ್ಜಿ ವಿರೂಪಾಕ್ಷಮ್ಮ ನಿಂತಿದ್ದರು. ಊಟಕ್ಕೆ ಕರೆಯಲು ಬಂದಿದ್ದರೆಂದು ಕಾಣುತ್ತದೆ. ಪಂಪಿಯ ಹಿಂದೆ ಮುಂದೆ ಹುಟ್ಟಿದ ಇಬ್ಬರು ಉಳಿದಿರಲಿಲ್ಲ. ತಾಯಿಯೂ ಬಾಣಂತನದಲ್ಲಿ ಹೋಗಿದ್ದಳು. ಆ ಮನೆಯಲ್ಲಿ ಉಳಿದ ಕೂಸು ಅದೊಂದೇ. ಮುದುಕಿ ಒಳಗೆ ಬಂದು, ಕೂತು, ನಾನು ಹಾಕಿದ ದಾರವನ್ನು ಹಲ್ಲಿನಿಂದ ಕಡಿದು ಎಳೆದರು. ಫ್ರಾಕನ್ನು ಬಿಚ್ಚಿ, ಮಡಿಸಿ, ಚಾಪೆಯ ಮೇಲಿಟ್ಟರು.

"ತಿಳೀದ ಮಾಡಿದ್ರ ಬ್ಯಾರೆ ಮಾತಿತ್ತು, ಬಾಯಾರ," ಎಂದರು. "ಕೂಸು ಬಾಯಿಬಿಟ್ಟು ಹೇಳಿತು. ನೀವು ನಕ್ಕ್ರಿ."

ಮರುದಿನ ಪಂಪಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ನೀರು ತರುವ ಗಾಳೆಮ್ಮ, ಹುಡುಗಿಯನ್ನು ಅಳವಂಡಿಗೆ, ಸೋದರತ್ತೆಯ ಮನೆಗೆ ಕಳಿಸಿದ್ದಾರೆ ಎಂದಳು. ಜ್ವರವೇನೂ ಇಲ್ಲವಷ್ಟೆ ಎಂದು ಎರಡು ಸಲ ಕೇಳಿದೆ. ಇಲ್ಲವಂತೆ.

ಎದುರುಮನೆಗೆ ಹತ್ತು ಹೆಜ್ಜೆ. ಹೋಗಿ ಏನು ಹೇಳಬೇಕೆಂದು ದಿನವೂ ಮಾತು ಜೋಡಿಸುತ್ತಿದ್ದೆ. ತಪ್ಪಾಯಿತು ಎಂದು ಶುರುವಾದದ್ದು ನಾಲ್ಕನೆಯ ಮಾತಿಗೆ ವಾದವಾಗುತ್ತಿತ್ತು. ಹೋಗಲಿಲ್ಲ. ಫ್ರಾಕನ್ನೂ ಮುಗಿಸಲಿಲ್ಲ. ಸೊಂಟ ಕೂಡಿಸಲು ಅಳತೆ ಬೇಕು, ಅಳತೆಗೆ ಅವಳು ಬರಲೇಬೇಕು ಎಂದು ಅದನ್ನು ಎರಡು ತುಂಡಾಗಿಯೇ ಗೂಟಕ್ಕೆ ತೂಗುಹಾಕಿದ್ದೆ. ಅವಳನ್ನು ಕರೆಯಲು ನನಗಿದ್ದ ನೆಪ ಅದೊಂದೇ.

ಒಂಬತ್ತನೆಯ ದಿನ ಬೆಳಿಗ್ಗೆ ವಿರೂಪಾಕ್ಷಮ್ಮ ತಾವೇ ಬಂದರು. ಅಳವಂಡಿಗೆ ಬಂಡಿ ಹೊರಟಿದೆ, ಅಂಗಿ ಅಂಗಿ ಎಂದು ಹುಡುಗಿ ಅತ್ತು ಕರೆದು ಮಾಡುತ್ತಿದ್ದಾಳೆ, ಮುಗಿದಿದ್ದರೆ ಕೊಡಿ ಎಂದರು. ಮುಗಿದಿಲ್ಲ, ಅಳತೆ ಬೇಕಾಗಿತ್ತು ಎಂದೆ. ನನ್ನ ದನಿ ನನಗೇ ಸುಳ್ಳು ಎನಿಸಿತು.

ಅವರು ಗೂಟದ ಕಡೆ ನೋಡಿದರು. ಆಮೇಲೆ ಕೂತು, ಎರಡೂ ಕೈಯ ಹೆಬ್ಬೆರಳು, ನಡುಬೆರಳುಗಳನ್ನು ಚಾಚಿ ಗಾಳಿಯಲ್ಲಿ ಒಂದು ಸುತ್ತು ಹಿಡಿದರು. "ಇಷ್ಟ ಆಕಿ ನಡ. ದಿನಾ ಎಣ್ಣಿ ಹಚ್ಚಿ ಎರಿಯೂ ಕೈರಿ ಇವು. ಇದರ ಮ್ಯಾಲ ಹೊಲೀರಿ."

ಆ ಕೈಗಳ ಸುತ್ತಿಗೆ ದಾರ ಹಿಡಿದು ಅಳತೆ ತೆಗೆದೆ. ಅವರು ನಿರಿಗೆಯ ಒಂದು ತುದಿ ಹಿಡಿದುಕೊಂಡರು, ನಾನು ಇನ್ನೊಂದು ತುದಿಯಿಂದ ಹೊಲಿದೆ. ಹೊರಗೆ ಬಂಡಿ ಕಾಯುತ್ತಿತ್ತು. ಅರ್ಧ ಹೊಲಿದ ಮೇಲೆ, ಪಂಪಿ ಯಾವಾಗ ಬರುತ್ತಾಳೆ ಎಂದು ಕೇಳಿದೆ.

"ನಾಗರಪಂಚಮಿಗೆ ಬರ್ತಾಳ." ನಿರಿಗೆಯ ತುದಿಯನ್ನು ಸರಿಯಾಗಿ ಹಿಡಿದುಕೊಳ್ಳುತ್ತ ಹೇಳಿದರು: "ಇಲ್ಲಿಗಿ ಕಳಸೂದಿಲ್ಲರಿ, ಬಾಯಾರ. ನಿಮ್ಮ ಮ್ಯಾಲ ಸಿಟ್ಟಿಲ್ಲ. ನನಗ ಹೆದರಿಕಿ."

ಆಗಲಿ ಎಂದೆ. ಉಳಿದರ್ಧವನ್ನು ಹೊಲಿದು ದಾರ ಕಡಿದೆ. ಆಮೇಲೆ ಕೆಳಗಿನ ಅಂಚನ್ನು ತಿರುಗಿಸಿ ತೋರಿಸಿದೆ. ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಸಿ ಇಟ್ಟಿದ್ದೇನೆ, ಹುಡುಗಿ ಬೆಳೆದಂತೆ ಇದೊಂದು ದಾರ ಬಿಚ್ಚಿದರೆ ಸಾಕು, ಇಳಿಯುತ್ತದೆ. ಮೊದಲ ವರ್ಷ ಎರಡು ಬೆರಳು ಇಳಿಸಿ ಮತ್ತೆ ಹೊಲಿಯುವುದು, ಮುಂದಿನ ವರ್ಷ ಉಳಿದೆರಡು ಎಂದೆ.

ಮುದುಕಿ ಮಡಿಕೆಯನ್ನು ಬೆರಳಿಂದ ತಡವಿ ನೋಡಿದರು. "ಯಾವ ದಾರ?"

"ಇದು," ಎಂದು ಅವರ ಬೆರಳನ್ನು ಹಿಡಿದು ಅದರ ಮೇಲೆ ಇಟ್ಟೆ.