ಕೇಳಿಸಿದಾಗ ಒತ್ತಿ

ಒತ್ತಿದ. ಎರಡು ಸೆಕೆಂಡು ಬಿಟ್ಟು ಮತ್ತೆ ಒತ್ತಿದ. ಮೂರನೆಯ ಸಲಕ್ಕೆ ಗಾಜಿನಾಚೆ ಕೂತಿದ್ದ ಹುಡುಗಿ ತಲೆ ಎತ್ತಿ ನೋಡಿದಳು. ಕಿವಿಯ ಪರೀಕ್ಷೆ ಚೆನ್ನಾಗಿಯೇ ನಡೆಯುತ್ತಿದೆ ಎಂದುಕೊಂಡು ಅವನು ಮುಗುಳ್ನಕ್ಕ.

ಅವಳು ಎದ್ದು ಬಂದು ಅವನಿದ್ದ ಪೆಟ್ಟಿಗೆಯಂಥ ಕೋಣೆಯ ಬಾಗಿಲು ತೆರೆದಳು. ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಬಿಡಿಸಿ ಬಿಡಿಸಿ ಹೇಳಿದಳು.

"ಸರ್, ಕೇಳಿಸಿದಾಗ ಮಾತ್ರ ಗುಂಡಿ ಒತ್ತಬೇಕು."

"ಹಾಗೇ ಒತ್ತಿದ್ನಲ್ಲಮ್ಮ."

"ನಾನಿನ್ನೂ ಶಬ್ದಾನೇ ಕೊಟ್ಟಿಲ್ಲ ಸರ್."

ಥೂ, ಮಾನ ಹೋಯಿತು ಎಂದುಕೊಂಡ. ಆದರೆ ತಪ್ಪು ಅವನದಲ್ಲ, ನೌಕರಿಯದು. ನೀರು ಸರಬರಾಜು ಕಚೇರಿಯ ದೂರು ವಿಭಾಗಕ್ಕೆ ಅವನು ಹಿರಿಯ ಅಧಿಕಾರಿ. ನಲ್ಲಿಯಲ್ಲಿ ನೀರಿಲ್ಲ, ಬಂದರೂ ಕೆಂಪಗಿದೆ, ಮೀಟರು ತಲೆಕೆಟ್ಟು ಓಡುತ್ತಿದೆ ಎಂದು ದಿನಕ್ಕೆ ಮೂವತ್ತು ನಲವತ್ತು ಜನ ಮೇಜಿನೆದುರು ಕೂತು ಕೂಗಾಡುತ್ತಿದ್ದರು. ಅವನು ಎರಡು ಸೆಕೆಂಡಿಗೊಮ್ಮೆ ತಲೆಯಾಡಿಸುತ್ತ, ನಡುನಡುವೆ ‘ಹೌದಾ’ ಎನ್ನುತ್ತ, ಕೊನೆಗೆ ಅರ್ಜಿಯ ಮೇಲೆ ‘ಪರಿಶೀಲಿಸಿ’ ಎಂದು ಬರೆದು ಸಹಿ ಹಾಕುತ್ತಿದ್ದ. ಬಂದವರ ಸಿಟ್ಟು ಅಲ್ಲೇ ಅರ್ಧ ಇಳಿಯುತ್ತಿತ್ತು. ಇಷ್ಟು ತಾಳ್ಮೆಯಿಂದ ಕೇಳುವವರು ಎಲ್ಲಿ ಸಿಗುತ್ತಾರೆ ಎಂದು ಹೊಗಳಿ ಹೋಗುತ್ತಿದ್ದರು. ಕಚೇರಿಯಲ್ಲಿ ಅವನಿಗೆ ‘ಶಾಂತಮೂರ್ತಿ’ ಎಂದೇ ಅಡ್ಡಹೆಸರು.

ಶಾಂತಿಯ ಗುಟ್ಟು ಅವನಿಗೇ ಗೊತ್ತಾದದ್ದು ಹೋದ ತಿಂಗಳು. ಬೆಂಕಿ ಬಿದ್ದರೆ ಪಾರಾಗುವ ತಾಲೀಮಿಗೆಂದು ಗಂಟೆ ಬಾರಿಸಿ ಎಲ್ಲರೂ ಮೆಟ್ಟಿಲಿಳಿದು ಓಡಿದ್ದರು. ಇವನೊಬ್ಬ ಮೇಲೆ ಕಡತ ನೋಡುತ್ತ ಕೂತಿದ್ದ. "ಧೈರ್ಯ ಅಂದ್ರೆ ನಿಮ್ದು ಸಾರ್!" ಎಂದ ಗುಮಾಸ್ತ. ಗಂಟೆಯೇ ಅವನಿಗೆ ಕೇಳಿಸಿರಲಿಲ್ಲ.

ಆದರೂ ಪರೀಕ್ಷೆಗೆ ಬಂದದ್ದು ಹೆದರಿ ಅಲ್ಲ, ಆಸೆಯಿಂದ. ಮದುವೆಯಾದ ಇಪ್ಪತ್ತೆಂಟು ವರ್ಷದಿಂದ ಹೆಂಡತಿಯದು ಒಂದೇ ತಕರಾರು: "ರೀ, ನೀವು ನನ್ನ ಮಾತು ಕಿವಿಗೇ ಹಾಕ್ಕೊಳಲ್ಲ." ಈಗ ಸಾಕ್ಷಿ ಸಿಗುತ್ತದೆ. ನೋಡು ಕಣೇ, ತಪ್ಪು ಕಿವಿಯದು, ಮನಸ್ಸಿನದಲ್ಲ ಎಂದು ವರದಿಯನ್ನು ಅವಳ ಮುಂದೆ ಹಿಡಿದರಾಯಿತು. ಒಂದೇ ಏಟಿಗೆ ಖುಲಾಸೆ.

ಎರಡನೆಯ ಸಲ ಪ್ರಾಮಾಣಿಕವಾಗಿ ಕೂತ. ಕೇಳಿಸಿದಾಗ ಮಾತ್ರ ಒತ್ತಿದ. ಒತ್ತಲು ಹೆಚ್ಚೇನೂ ಇರಲಿಲ್ಲ.

ಹುಡುಗಿ ಕಾಗದದ ಮೇಲೆ ಕೆಳಗಿಳಿಯುವ ಗೆರೆಯೊಂದನ್ನು ತೋರಿಸಿದಳು. "ಎರಡೂ ಕಿವಿ ಮಂದ ಆಗಿದೆ ಸರ್. ವಯಸ್ಸಿಗೆ ಆಗೋದೇ. ಯಂತ್ರ ಹಾಕ್ಕೊಂಡ್ರೆ ಆರಾಮಾಗಿ ಕೇಳ್ಸತ್ತೆ."

"ಯಾವಾಗಿಂದ ಇರಬಹುದು?"

"ಖಚಿತವಾಗಿ ಹೇಳಕ್ಕಾಗಲ್ಲ. ಐದಾರು ವರ್ಷ ಇರಬಹುದು."

"ಅಷ್ಟೇನಾ? ಇಪ್ಪತ್ತೆಂಟು ಇರಕ್ಕೆ ಸಾಧ್ಯಾನೇ ಇಲ್ವಾ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಎಲ್ರೂ ಕಮ್ಮಿ ಹೇಳಿ ಅಂತ ಗೋಗರೀತಾರೆ ಸರ್. ಜಾಸ್ತಿ ಕೇಳಿದವ್ರು ನೀವೇ ಮೊದಲು!"

ಅವನೂ ನಕ್ಕ. ಉಳಿದ ಇಪ್ಪತ್ತೆರಡು ವರ್ಷ ಯಾರ ತಲೆಗೆ ಕಟ್ಟುವುದೆಂದು ತೋಚದೆ ವರದಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿದ.

ಒಂದು ವಾರ ಹಾಕಿಕೊಂಡು ನೋಡಿ ಎಂದು ಅವಳು ಕಡಲೆಕಾಳಿನಷ್ಟಿದ್ದ ಯಂತ್ರಗಳನ್ನು ಎರಡೂ ಕಿವಿಯೊಳಗೆ ಕೂರಿಸಿ ಕಳಿಸಿದಳು. ಬೀದಿಗಿಳಿದರೆ, ಎಲಾ ಇವನ! ಅವನ ಬೂಟು ಕಿರುಗುಟ್ಟುತ್ತಿತ್ತು. ಮುಂದೆ ಹೋಗುತ್ತಿದ್ದವಳ ಬೀಗದಕೈ ಗೊಂಚಲು ಝಣಝಣ ಎನ್ನುತ್ತಿತ್ತು. ತಂತಿಯ ಮೇಲೆ ಗುಬ್ಬಿಗಳು ಜಗಳಕ್ಕೆ ನಿಂತಿದ್ದವು. ಇಷ್ಟೆಲ್ಲ ಗದ್ದಲ ಮಾಡುತ್ತ ಲೋಕ ಇಲ್ಲೇ ಇತ್ತೇ! ಖುಷಿಗೆ ಯಾರದೋ ಗೇಟನ್ನು ಎರಡು ಸಲ ತೆಗೆದು ಹಾಕಿ ಕಿರ್ರೆನ್ನಿಸಿದ.

ಮನೆಯ ಬಾಗಿಲಲ್ಲೇ ಹೆಂಡತಿಯ ನಗು ಕೇಳಿಸಿತು. ಒಳಗೆ ಅವಳು ಫೋನಿನಲ್ಲಿ ಅಕ್ಕನೊಡನೆ ಮಾತಾಡುತ್ತಿದ್ದಳು. "ಅಯ್ಯೋ ಸುಮ್ನಿರೇ ಅಕ್ಕಾ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗತ್ತೆ!" ಆ ದನಿಯ ಕೊನೆಯಲ್ಲಿ ಒಂದು ಸಣ್ಣ ಒಡಕು. ಮದುವೆಗೆ ಮುಂಚೆ ಅವನು ಮನಸೋತದ್ದು ಅದಕ್ಕೇ. ಮರೆತೇಬಿಟ್ಟಿದ್ದ. ಬಾಗಿಲಲ್ಲಿ ನಿಂತವನಿಗೆ ಕಣ್ಣು ತುಂಬಿ ಬಂತು. ವರದಿ ಗಿರದಿ ಏನೂ ಬೇಡ, ಮಾತಾಡು ಕಣೇ ಕೇಳ್ತೀನಿ ಎಂದರೆ ಸಾಕು ಎಂದುಕೊಂಡು ಒಳಗೆ ಬಂದು ಕೂತ. ಯಂತ್ರದ ಸುದ್ದಿ ಎತ್ತಲಿಲ್ಲ. ಮೊದಲು ಅವಳು ಮಾತಾಡಲಿ.

ಅವಳು ಫೋನಿಟ್ಟು ಎದುರು ಕೂತು ಟೀ ಬಗ್ಗಿಸಿದಳು. ಬಗ್ಗಿಸಿದ ಸದ್ದು ಕೇಳಿಸಿತು. ಗೋಡೆ ಗಡಿಯಾರ ಟಕಟಕ ಎನ್ನುತ್ತಿತ್ತು. ಅವಳು ಅವನನ್ನೇ ನೋಡುತ್ತ ಏನೋ ಹೇಳತೊಡಗಿದಳು.

ತುಟಿ ಆಡುತ್ತಿತ್ತು. ದನಿಯಿರಲಿಲ್ಲ.

ಅವನು ಕಿವಿ ಮುಟ್ಟಿ ನೋಡಿಕೊಂಡ. ಗಡಿಯಾರ ಟಕಟಕ ಎನ್ನುತ್ತಲೇ ಇತ್ತು. ಅವಳ ತುಟಿ ಮಾತ್ರ ಸುಮ್ಮನೆ ತೆರೆದು ಮುಚ್ಚುತ್ತಿತ್ತು. ಹೇಗೂ ಕೇಳದ ಇವನೆದುರು ದನಿ ತೆಗೆದು ಗಂಟಲು ನೋಯಿಸಿಕೊಳ್ಳುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು. ಯಾವತ್ತು ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

ಯಾವತ್ತಿಂದ ಎಂದು ಕೇಳಲು ಬಾಯಿ ತೆರೆದ. ಅವಳ ಹುಬ್ಬು ಮೇಲೇರಿತು. ಅಷ್ಟರಲ್ಲಿ ಎರಡು ಸೆಕೆಂಡು ಕಳೆದು, ತಲೆ ತಾನಾಗಿಯೇ ಆಡಿತು.

"ಹೌದಾ," ಎಂದ.

ಅವಳು ಹುಬ್ಬು ಇಳಿಸಿ, ನಗುತ್ತ, ಲೋಟವನ್ನು ಅವನ ಕಡೆ ಸರಿಸಿದಳು. ಅದು ಮೇಜಿನ ಮೇಲೆ ಜಾರಿ ಬಂದದ್ದು ಸ್ಪಷ್ಟವಾಗಿ ಕೇಳಿಸಿತು. ಮೇಜಿನ ಕೆಳಗೆ ಅವನ ಹೆಬ್ಬೆರಳು ಅಲ್ಲಿಲ್ಲದ ಗುಂಡಿಯನ್ನು ಒತ್ತುತ್ತಲೇ ಇತ್ತು.