ನಾಲ್ಕನೆಯ ತಪ್ಪು

ಅರವತ್ತು ಜನ ವಾದ್ಯಗಾರರ ಮುಂದೆ ನಿಂತು ಕೋಲಾಡಿಸುವ ವಿದ್ಯೆಗೆ ಅವಳು ಎಂಟು ವರ್ಷ ಸವೆಸಿದ್ದಳು. "ಪಿಟೀಲು ಕಲ್ತಿದ್ರೆ ಪಿಟೀಲಾದ್ರೂ ಉಳೀತಿತ್ತು. ಇದ್ರಲ್ಲಿ ಉಳಿಯೋದು ಒಂದು ಕಡ್ಡಿ ಕಣೇ" ಎಂದು ಅವಳಮ್ಮ ಹೇಳಿ ಹೇಳಿ ಸುಸ್ತಾಗಿದ್ದಳು. ವಾದ್ಯವೃಂದದ ಸಹಾಯಕ ನಿರ್ದೇಶಕರ ಹುದ್ದೆಗೆ ಅವಳದು ಇದು ಮೂರನೆಯ ಪರೀಕ್ಷೆ. ವಯಸ್ಸಿನ ಮಿತಿ ದಾಟುತ್ತಿದ್ದರಿಂದ ಕೊನೆಯದೂ ಹೌದು.

ಪರೀಕ್ಷೆಯ ಪದ್ಧತಿ ಹೀಗೆ: ಇಂಥಲ್ಲಿ ಬೇಕೆಂದೇ ತಪ್ಪು ನುಡಿಸಿ ಎಂದು ದೊಡ್ಡ ನಿರ್ದೇಶಕರು ಮೂವರು ವಾದ್ಯಗಾರರ ಕಿವಿಯಲ್ಲಿ ಮೊದಲೇ ಉಸುರಿರುತ್ತಾರೆ. ಪರೀಕ್ಷೆಗೆ ನಿಂತವರು ಅದನ್ನು ಹಿಡಿಯಬೇಕು.

ಅವಳು ಕೋಲೆತ್ತಿ ವೃಂದವನ್ನು ನುಡಿಸಿದಳು, ನಿಲ್ಲಿಸಿದಳು. "ಎರಡನೇ ಕೊಳಲು, ಅರ್ಧ ಸ್ವರ ಮೇಲೆ ಹೋದ್ರಿ. ತುತ್ತೂರಿ, ಒಂದೆಣಿಕೆ ಮುಂಚೆ ಬಂದ್ರಿ. ನಗಾರಿಯವ್ರೇ, ನೀವು ಬರ್ಲೇ ಇಲ್ಲ."

ದೊಡ್ಡವರು ಆ ತಪ್ಪುಗಳನ್ನು ಬರೆದಿಟ್ಟ ಚೀಟಿ ನೋಡಿ ತಲೆದೂಗಿದರು. ಅಷ್ಟಕ್ಕೆ ಸುಮ್ಮನಿದ್ದರೆ ಕೆಲಸ ಅವಳದೇ.

"ಇನ್ನೊಂದಿದೆ ಸಾರ್. ಚೆಲ್ಲೋ ಸಾಲಿನ ಕೊನೆಯವ್ರು. ಸ್ವರ ಇಳೀತಿದೆ."

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಇವಳು ಎಲೆ ಹಾಕುವ ಮೊದಲೇ ಎಣಿಸಿದ್ದಳು. ಮೊಣಕಾಲುಗಳ ನಡುವೆ ಆ ದೊಡ್ಡ ಪಿಟೀಲು ಹಿಡಿದು ಕೂತಿದ್ದವರು ದೊಡ್ಡವರ ಭಾವಮೈದುನ. ಇಪ್ಪತ್ತು ವರ್ಷದಿಂದ ಅವರು ಆ ಸ್ವರವನ್ನು ಹಾಗೇ ನುಡಿಸುತ್ತಿದ್ದುದು ಅಲ್ಲಿನ ಕುರ್ಚಿಗಳಿಗೂ ಗೊತ್ತಿತ್ತು.

"ಚೀಟೀಲಿರೋದು ಮೂರೇ ಕಣಮ್ಮ" ಎಂದರು ದೊಡ್ಡವರು.

"ಕಿವೀಗೆ ಬಿದ್ದಿದ್ದು ನಾಲ್ಕು ಸಾರ್."

ಮುಂದಿನ ಸಾಲಿನ ಮುದುಕ ಪಿಟೀಲುಗಾರ ತುಟಿ ಅಲುಗಿಸದೆ ಪಿಸುಗುಟ್ಟಿದ: "ಮೂರು ಅಂದ್ಬಿಡು ತಾಯಿ. ನಿನ್ನಪ್ಪನ ಗಂಟೇನು ಹೋಗುತ್ತೆ?"

ಅವಳಿಗೂ ಆಸೆಯಾಯಿತು. ಮೂರು ಎನ್ನಲೆಂದೇ ಬಾಯಿ ತೆರೆದಳು. ಬಂದದ್ದು ಮಾತ್ರ "ನಾಲ್ಕು."

ತೀರ್ಪು ಬಂತು: 'ಕಿವಿ ಅತಿ ಸೂಕ್ಷ್ಮ. ಹೊಂದಿಕೊಂಡು ಹೋಗುವ ಗುಣ ಸಾಲದು.' ಎರಡೇ ತಪ್ಪು ಹಿಡಿದು, ಎರಡನೆಯದಕ್ಕೆ ಕ್ಷಮೆಯನ್ನೂ ಕೇಳಿದ್ದ ಒಬ್ಬ ವಿನಯವಂತನಿಗೆ ಹುದ್ದೆ ಸಿಕ್ಕಿತು.

ಮೆಟ್ಟಿಲಿಳಿಯುತ್ತಿದ್ದವಳನ್ನು ಭಾವಮೈದುನ ಏದುಸಿರು ಬಿಡುತ್ತ ತಡೆದರು. "ಯಾವ ಸ್ವರಮ್ಮಾ ಅದು? ಇಷ್ಟು ವರ್ಷ ಒಬ್ರೂ ಬಾಯಿ ಬಿಡ್ಲಿಲ್ವಲ್ಲ!"

"ಬಿಟ್ಟಿದ್ರೆ ಅವ್ರೂ ಈ ಮೆಟ್ಲು ಇಳೀತಿದ್ರು" ಎಂದಳು. ಆಮೇಲೆ ಮನಸ್ಸು ತಡೆಯದೆ, ಗುನುಗಿ ತೋರಿಸಿದಳು. "ಮೂರನೇ ಬೆರಳು ತಂತಿ ಮೇಲೆ ಕೂದಲೆಳೆಯಷ್ಟು ಕೆಳಗೆ ಸರಿಸಿ, ಸ್ವರ ಮೇಲೇರುತ್ತೆ. ಸಾಕು."

ಮರುದಿನದ ಅಭ್ಯಾಸದಲ್ಲಿ ಅವರು ಇಪ್ಪತ್ತು ವರ್ಷಕ್ಕೆ ಮೊದಲ ಸಲ ಸರಿಯಾಗಿ ನುಡಿಸಿದರು. ದೊಡ್ಡವರು ಕೋಲಿನಿಂದ ಪಟಪಟ ಕುಟ್ಟಿ ಎಲ್ಲರನ್ನೂ ನಿಲ್ಲಿಸಿದರು.

"ಯಾರದು? ಚೆಲ್ಲೋ ಸಾಲಲ್ಲಿ ಯಾರೋ ತಪ್ತಿದ್ದಾರೆ!"

ಹೊಸ ಸಹಾಯಕ ತಟ್ಟನೆ ಎದ್ದು ನಿಂತ. "ಹೌದು ಸಾರ್. ಈಗ ನನಗೂ ಕೇಳಿಸ್ತು."